ಅಜ್ಜಿ ಆಪರೇಷನ್ ಫ್ರೀ, ಉಳಿದದ್ದಕ್ಕೆ ₹18,950

ಭಾಗ 1/7
ಮೊದಲನೇ ಫೋಟೋ ನೋಡಿ ಕಾಸ್ಟ್ ಅಕೌಂಟಿಂಗ್ ನೋಟ್ಸ್ ಅಂದ್ಕೊಂಡ್ರೆ ಕ್ಷಮಿಸಿ. ಪುಸ್ತಕ ಅದೇ, ಆದ್ರೆ ಹಿಂದಿನ ಪುಟ. ನಮ್ಮಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡಾಗಿಂದ ಡಿಸ್ಚಾರ್ಜ್ ಆಗೋವರೆಗಿನ 11 ದಿನದ ಲೆಕ್ಕ ಅದರಲ್ಲಿದೆ. ಕ್ಲಾಸಲ್ಲಿ ತುಂಬಾ ಜನ "ಎಲ್ಲೋಗಿದ್ದೆ, ಯಾಕೆ ಸ್ಟೋರಿನೇ ಇಲ್ಲ" ಅಂತ ಕೇಳಿದ್ರಿ. ಇಲ್ಲಿಗೆ ಹೋಗಿದ್ದೆ. ಅಜ್ಜಿ ಈಗ ವಾಕರ್ ಹಿಡ್ಕೊಂಡು ಓಡಾಡ್ತಿದೆ, ಬೈಯ್ಯೋದೂ ಶುರು ಮಾಡಿದೆ, ಅಂದ್ರೆ ಹುಷಾರಾಗಿದೆ.

ಸ್ವಲ್ಪ ಉದ್ದ ಇದೆ. ಬಸ್ಸಲ್ಲಿ ಕೂತಾಗ ಓದಿ. ಸೀಟ್ ಸಿಕ್ಕಿದ್ರೆ.

ಭಾಗ 2/7
ರಾತ್ರಿ 108ಕ್ಕೆ ಫೋನ್ ಮಾಡಿದ್ವಿ, ಆಂಬುಲೆನ್ಸ್ ಬಂತು, ದುಡ್ಡು ಕೇಳಲಿಲ್ಲ. 2008ರಿಂದ ಇರೋ ಸೇವೆ ಇದು. ಆಮೇಲೆ ಮೂರು ಪಕ್ಷದ ಮುಖ್ಯಮಂತ್ರಿಗಳು ಬಂದು ಹೋದ್ರೂ ಯಾರೂ ನಿಲ್ಸಿಲ್ಲ. ಒಳ್ಳೇದನ್ನ ಒಳ್ಳೇದು ಅನ್ನಬೇಕು.

ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಯ್ತು. ಕಟ್ಟಡ ಹೊಸದು, ಬಾಗಿಲಲ್ಲೇ ಉದ್ಘಾಟನೆ ಕಲ್ಲು, ಅದರಲ್ಲಿ ಹದಿನಾಲ್ಕು ಹೆಸರು. ನಾನು ಎಣಿಸಿದೆ, ಬೇರೆ ಮಾಡೋಕೆ ಕೆಲಸ ಇರಲಿಲ್ಲ. ಆಪರೇಷನ್ ಥಿಯೇಟರ್ ಇದೆ, ಟೇಬಲ್ ಇದೆ, ಲೈಟ್ ಇದೆ. ಅರಿವಳಿಕೆ ಕೊಡೋ ಡಾಕ್ಟರ್ ಇಲ್ಲ. ಮೂಳೆ ಡಾಕ್ಟರ್ ವಾರಕ್ಕೆ ಎರಡು ದಿನ ಬರ್ತಾರೆ. "ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ" ಅಂದ್ರು. 108 ಅಷ್ಟೊತ್ತಿಗೆ ಇನ್ನೊಂದು ಕೇಸಿಗೆ ಹೋಗಿತ್ತು. ಬಾಡಿಗೆ ವ್ಯಾನ್ ಮಾಡಿದ್ವಿ. ಪ್ರತಿ ಗುಂಡಿಗೂ ಅಜ್ಜಿ ಅಯ್ಯೋ ಅಂತಿತ್ತು, ಅಪ್ಪ ಡ್ರೈವರ್‌ಗೆ ನಿಧಾನ ನಿಧಾನ ಅಂತಿದ್ರು.

ಭಾಗ 3/7
ಈಗ ಲೆಕ್ಕ. ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಪರೇಷನ್ ಆಯ್ತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಈ ಯೋಜನೆ ಇದೆ. ಡಾಕ್ಟರ್ ಫೀಸು, ಒಳಗೆ ಹಾಕಿದ ರಾಡು, ಬೆಡ್ಡು, ಎಲ್ಲಾ ಸೊನ್ನೆ. ಇದೇ ಆಪರೇಷನ್‌ಗೆ ಒಂದು ಖಾಸಗಿ ಕಡೆ ಕೇಳಿದಾಗ ₹1.4 ಲಕ್ಷ ಅಂದಿದ್ರು. ಸರ್ಕಾರಿ ಆಸ್ಪತ್ರೆ ಇಲ್ದಿದ್ರೆ ನಮ್ಮ ಮನೆ ಹಸು ಮಾರ್ತಿದ್ವಿ. ಇದನ್ನ ಮೊದಲು ಬರೀಲೇಬೇಕು.

ಆದ್ರೆ ಉಳಿದದ್ದು ಹೀಗಿದೆ:
ವ್ಯಾನ್, ಆಟೋ, ಅಪ್ಪನ ಬಸ್ಸು: ₹2,300
ಹೊರಗೆ ಮಾಡಿಸಿದ ಸ್ಕ್ಯಾನು, ರಕ್ತ ಪರೀಕ್ಷೆ: ₹3,150
ಹೊರಗೆ ತಂದ ಔಷಧಿ: ₹1,840
ಊಟ, ತಿಂಡಿ, ನೀರು: ₹2,160
ವಾಕರ್: ₹1,200
"ಕಾಫಿಗೆ ಏನಾದ್ರು ಕೊಡಿ": ₹600
ಒಟ್ಟು ₹11,250.

ಅಪ್ಪ ಗಾರೆ ಕೆಲಸ ಮಾಡ್ತಾರೆ, ದಿನಕ್ಕೆ ₹700. ರಾತ್ರಿಯೆಲ್ಲಾ ವಾರ್ಡ್ ಹೊರಗೆ ಚಾಪೆ ಹಾಕ್ಕೊಂಡು ಮಲಗಿದ್ದು 11 ದಿನ. ಅದು ₹7,700. ನಮ್ಮ ಸಿಲಬಸ್‌ನಲ್ಲಿ ಇದಕ್ಕೆ ಅವಕಾಶ ವೆಚ್ಚ ಅಂತಾರೆ, ಎರಡು ಮಾರ್ಕಿನ ಪ್ರಶ್ನೆ. ಅಪ್ಪ ಇದಕ್ಕೆ ಏನೂ ಅನ್ನಲ್ಲ, ಬೀಡಿ ಹಚ್ತಾರೆ ಅಷ್ಟೆ.

ಎರಡೂ ಸೇರಿ ₹18,950. ಅಮ್ಮನ ಗೃಹಲಕ್ಷ್ಮಿ ತಿಂಗಳಿಗೆ ₹2,000. ಒಂಬತ್ತು ತಿಂಗಳಿಗಿಂತ ಜಾಸ್ತಿ ಗೃಹಲಕ್ಷ್ಮಿ 11 ದಿನದಲ್ಲಿ ಹೋಯ್ತು.

ಭಾಗ 4/7
ಇಲ್ಲಿವರೆಗೆ ಓದಿ ಒಂದಿಬ್ಬರು ಕಾಮೆಂಟ್ ಟೈಪ್ ಮಾಡ್ತಿರ್ತೀರಾ: "ನೋಡಿದ್ಯಾ, ಗ್ಯಾರಂಟಿ ಎಲ್ಲಾ ವೇಸ್ಟ್." ಸ್ವಲ್ಪ ತಡೀರಿ.

ಅಮ್ಮ ದಿನಾ ಬೆಳಿಗ್ಗೆ ಹಾಲು ಕರೆದು, ಆಸ್ಪತ್ರೆಗೆ ಬಂದು, ಸಂಜೆ ಹಸುಗಳಿಗೋಸ್ಕರ ವಾಪಸ್ ಹೋಗ್ತಿದ್ರು. ಒಂದು ಕಡೆಗೆ ₹64. ಹೋಗಿ ಬರೋಕೆ ₹128, 11 ದಿನಕ್ಕೆ ₹1,408. ಅದು ಲಿಸ್ಟಲ್ಲಿ ಇಲ್ಲ, ಯಾಕಂದ್ರೆ 2023ರ ಜೂನ್ 11ರಿಂದ ಶಕ್ತಿ ಇದೆ. ಎರಡನೇ ಫೋಟೋದಲ್ಲಿ ಇರೋದು ಅಮ್ಮನ ಸೊನ್ನೆ ಟಿಕೆಟ್‌ಗಳು. ನಾನು ಕಾಲೇಜಿಗೆ ಬರೋದೂ ಅದರಲ್ಲೇ. ನಮ್ಮೂರಿಂದ ಇಬ್ಬರು ಹುಡುಗೀರು ಪಿಯುಸಿ ಆದ್ಮೇಲೆ ಮನೇಲಿ ಕೂರ್ತಿದ್ದೋರು ಈಗ ಡಿಗ್ರಿ ಮಾಡ್ತಿದಾರೆ. ಇದನ್ನ ವೇಸ್ಟ್ ಅನ್ನೋಕೆ ನನ್ನ ಕೈಲಾಗಲ್ಲ.

ಆದ್ರೆ ಸೊನ್ನೆ ಟಿಕೆಟ್ ಅಂದ್ರೆ ಖರ್ಚು ಸೊನ್ನೆ ಅಂತಲ್ಲ. ಆ ದುಡ್ಡನ್ನ ಸರ್ಕಾರ ಸಾರಿಗೆ ನಿಗಮಕ್ಕೆ ಕೊಡಬೇಕು. 2025ರ ಜನವರಿ 5ರಿಂದ ಬಸ್ ದರ ಶೇ 15 ಏರಿತು, ಅದು ತಟ್ಟಿದ್ದು ಅಪ್ಪನಿಗೆ, ನಮ್ಮ ಕ್ಲಾಸ್ ಹುಡುಗರ ಅಣ್ಣಂದಿರಿಗೆ. ಪ್ರಶ್ನೆ ಕೇಳಿದ ತಕ್ಷಣ ಬಡವರ ವಿರೋಧಿ ಅನ್ನೋದೂ ತಪ್ಪು, ಒಂದು ತೊಂದರೆ ಕಂಡ ತಕ್ಷಣ ಎಲ್ಲಾ ನಿಲ್ಸಿ ಅನ್ನೋದೂ ತಪ್ಪು. ಅಕೌಂಟ್ಸಲ್ಲಿ ಎರಡು ಕಡೆ ಇರುತ್ತೆ. ಒಂದೇ ಕಡೆ ಬರೆದ್ರೆ ಟ್ಯಾಲಿ ಆಗಲ್ಲ.

ಭಾಗ 5/7
ಹಾಗಾದ್ರೆ ನನ್ನ ತಕರಾರು ಏನು? ಬಂಡವಾಳ ವೆಚ್ಚ, ರಾಜಸ್ವ ವೆಚ್ಚ ಅಂತ ಓದಿದ್ವಲ್ಲ. ಕಟ್ಟಡ ಮೊದಲನೇದು, ಸಂಬಳ ಎರಡನೇದು. ಕಟ್ಟಡಕ್ಕೆ ಕಲ್ಲು ಇದೆ. ಗ್ಯಾರಂಟಿಗೆ ಹೆಸರಿದೆ, ಫೋಟೋ ಇದೆ. ಅರಿವಳಿಕೆ ಡಾಕ್ಟರಿಗೆ ಎರಡೂ ಇಲ್ಲ. ಅವರ ಸಂಬಳಕ್ಕೆ ಯಾರೂ ರಿಬ್ಬನ್ ಕತ್ತರಿಸಲ್ಲ. ಅದಕ್ಕೇ ಆ ಕುರ್ಚಿ ಖಾಲಿ ಇದ್ರೂ ಯಾರ ಕಣ್ಣಿಗೂ ಬೀಳಲ್ಲ, ಮೂಳೆ ಮುರಿಯೋವರೆಗೆ.

ನಮ್ಮ ಕಾಲೇಜಲ್ಲೂ ಇದೇ ಕಥೆ. ಹೊಸ ಬ್ಲಾಕ್ ಬಂತು, ಚೆನ್ನಾಗಿದೆ, ರೀಲ್ಸ್ ಮಾಡಿದ್ವಿ. ಒಳಗೆ ಪಾಠ ಮಾಡೋರಲ್ಲಿ ಜಾಸ್ತಿ ಜನ ಅತಿಥಿ ಉಪನ್ಯಾಸಕರು. ಹೆಸರಿಗೆ ಅತಿಥಿ, ಕೆಲವರು ಹತ್ತು ಹದಿನೈದು ವರ್ಷದಿಂದ ಇದಾರೆ. 2023ರ ಕೊನೇಲಿ ಅವರು ಸೇವೆ ಖಾಯಂ ಮಾಡಿ ಅಂತ ಮುಷ್ಕರ ಕೂತಾಗ ನಾವು ಫಸ್ಟ್ ಸೆಮ್. ಕ್ಲಾಸ್ ಇಲ್ಲ ಅಂತ ಖುಷಿಯಾಗಿ ಸಿನಿಮಾಗೆ ಹೋಗಿದ್ವಿ, ನೆನಪಿದ್ಯಾ? ನಾನೂ ಬಂದಿದ್ದೆ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. ಯಾಕಂದ್ರೆ ನನ್ನ ಅಟೆಂಡೆನ್ಸ್ ಶೇ 75ಕ್ಕಿಂತ ಕೆಳಗೆ ಬಂದಾಗ ಡಿಸ್ಚಾರ್ಜ್ ಪೇಪರ್ ನೋಡಿ, ಪ್ರಿನ್ಸಿಪಾಲ್ ಹತ್ರ ಮಾತಾಡಿ, ಬಿಟ್ಟುಹೋದ ಮೂರು ಚಾಪ್ಟರ್ ಲಂಚ್ ಟೈಮಲ್ಲಿ ಹೇಳ್ಕೊಟ್ಟಿದ್ದು ಅದೇ ಮುಷ್ಕರದಲ್ಲಿ ಕೂತಿದ್ದ ಮೇಡಮ್ಮು. ಮುಂದಿನ ವರ್ಷ ಅವರು ಇರ್ತಾರೋ ಇಲ್ವೋ ಅವರಿಗೇ ಗೊತ್ತಿಲ್ಲ.

ಭಾಗ 6/7
ಇದನ್ನ ಯಾರನ್ನ ಕೇಳೋದು? ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಜಿಲ್ಲಾ ಪಂಚಾಯ್ತಿ ವ್ಯಾಪ್ತಿಗೆ ಬರ್ತವೆ. ಸರಿ, ನಮ್ಮ ಜಿಲ್ಲಾ ಪಂಚಾಯ್ತಿ ಸದಸ್ಯರು ಯಾರು ಅಂತ ಅಪ್ಪನ್ನ ಕೇಳಿದೆ. "ಯಾರೂ ಇಲ್ವಲ್ಲವ್ವ" ಅಂದ್ರು. ತಮಾಷೆ ಅಂದ್ಕೊಂಡೆ. ನಿಜ. ಕೊನೇ ಚುನಾವಣೆ 2016ರಲ್ಲಿ, ಅವಧಿ ಮುಗಿದಿದ್ದು 2021ರಲ್ಲಿ. ಆಗ ನಾನು ಹೈಸ್ಕೂಲು. ಈಗ ಡಿಗ್ರಿ ಫೈನಲ್ ಇಯರ್. ಮಧ್ಯೆ ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂತು, ಮೀಸಲಾತಿ, ಕ್ಷೇತ್ರ ವಿಂಗಡಣೆ, ಕೋರ್ಟು ಅಂತ ಮುಂದಕ್ಕೆ ಹೋಗ್ತಾನೇ ಇತ್ತು. ಹಾಗಾಗಿ ದಯವಿಟ್ಟು ನಿಮ್ಮ ಪಾರ್ಟಿ ಒಳ್ಳೇದು, ಅವರ ಪಾರ್ಟಿ ಕೆಟ್ಟದ್ದು ಅಂತ ನನಗೆ ಮೆಸೇಜ್ ಮಾಡ್ಬೇಡಿ. ಖಾಲಿ ಕುರ್ಚಿ ಇಬ್ಬರ ಕಾಲದಲ್ಲೂ ಖಾಲಿ.

"ಪಾಲಿಟಿಕ್ಸ್ ನಮಗ್ಯಾಕೆ ಬಿಡೇ" ಅನ್ನೋ ಫ್ರೆಂಡ್ಸಿಗೆ ಒಂದೇ ಮಾತು. ನಾನೂ ಹಂಗೇ ಅಂತಿದ್ದೆ. ಆದ್ರೆ ಅವತ್ತು ರಾತ್ರಿ ವ್ಯಾನಲ್ಲಿ ಅಜ್ಜಿ ತಲೆ ನನ್ನ ತೊಡೆ ಮೇಲಿತ್ತು. ಆ ಇಡೀ ದಾರಿ ಪಾಲಿಟಿಕ್ಸೇ. ಗುಂಡಿನೂ ಪಾಲಿಟಿಕ್ಸು, ಇಲ್ಲದಿರೋ ಡಾಕ್ಟರೂ ಪಾಲಿಟಿಕ್ಸು, ಆಮೇಲೆ ಆದ ಫ್ರೀ ಆಪರೇಷನ್ನೂ ಪಾಲಿಟಿಕ್ಸು.

ಭಾಗ 7/7
ಕೊನೇ ಫೋಟೋ ₹10ರ ಪೋಸ್ಟಲ್ ಆರ್ಡರ್. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೀನಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರ್ಬೇಕು. ಇಷ್ಟುದ್ದ ಕ್ಯಾಪ್ಶನ್ ಬರೆಯೋ ನನಗೆ ಅದೇ ಕಷ್ಟ ಆಗಿದ್ದು. ಕೇಳಿರೋದು ಇಷ್ಟೇ: ನಮ್ಮ ತಾಲ್ಲೂಕು ಆಸ್ಪತ್ರೆಗೆ ಮಂಜೂರಾದ ತಜ್ಞ ವೈದ್ಯರ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವಾಗಿಂದ ಖಾಲಿ. ಉತ್ತರಕ್ಕೆ 30 ದಿನ ಟೈಮ್ ಇದೆ. ಇವತ್ತಿಗೆ 19 ದಿನ.

ಉತ್ತರ ಬಂದ್ರೆ ಇಲ್ಲೇ ಹಾಕ್ತೀನಿ. ಬರದಿದ್ರೆ ಮೇಲ್ಮನವಿ ಹಾಕಿ ಅದನ್ನೂ ಹಾಕ್ತೀನಿ. ನಿಮ್ಮ ತಾಲ್ಲೂಕಿಗೂ ಹಾಕ್ಬೇಕು ಅಂದ್ರೆ ಅರ್ಜಿ ಮಾದರಿ ಕಳಿಸ್ತೀನಿ, ಊರ ಹೆಸರು ಬದಲಾಯಿಸಿದ್ರೆ ಸಾಕು. ಹತ್ತು ರೂಪಾಯಿ, ಕ್ಯಾಂಟೀನ್ ಟೀಗಿಂತ ಕಮ್ಮಿ.

2024ರ ಲೋಕಸಭೆಗೆ ನಾನು ಮೊದಲ ವೋಟ್ ಹಾಕಿದ್ದು ಅಪ್ಪ ಹೇಳಿದವರಿಗೆ. 2028ರಲ್ಲಿ ವಿಧಾನಸಭೆಗೆ ಮೊದಲ ಸಲ ಹಾಕ್ತೀನಿ. ಅಷ್ಟೊತ್ತಿಗೆ ಮನೆ ಬಾಗಿಲಿಗೆ ಬರೋರಿಗೆ ತೋರಿಸೋಕೆ ಈ ಪುಟ ಹರೀದೆ ಇಟ್ಕೊಂಡಿರ್ತೀನಿ. ಅಜ್ಜಿ ಕೇಳ್ತು, "ಅದೇನೇ ಅಷ್ಟೊತ್ತಿಂದ ಬರೀತಿದ್ಯಾ?" "ನಿನ್ನ ಲೆಕ್ಕ" ಅಂದೆ. "ನನ್ನ ಸಾಲ ತೀರ್ಸೋಕಾಗಲ್ಲ ಬಿಡು, ಹೋಗಿ ಓದ್ಕೋ" ಅಂತು.

ಓದ್ಕೋತೀನಿ. ಸೋಮವಾರ ಇಂಟರ್ನಲ್ಸ್ ಇದೆ.