ಹಲಸೂರಿನಲ್ಲೇ ಹಲಸು ಪರದೇಶಿ

ಇಂದಿರಾನಗರ, ಹಲಸೂರು, ದಂಡಿನ ಆಸುಪಾಸಿನಲ್ಲಿ ಗಿಟಾರ್ ಮಾತು ಬಂತೆಂದರೆ ಒಂದು ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಎಕ್ಸಾಟಿಕ್ ವುಡ್’. ಕೈಯಲ್ಲೇ ಮಾಡಿಸಿದ ಎಲೆಕ್ಟ್ರಿಕ್ ಗಿಟಾರೋ ಬಾಸ್ ಗಿಟಾರೋ ಇದ್ದವರು ಮೊದಲು ಹೇಳುವುದು ಅದರ ದನಿಯ ಬಗ್ಗೆ ಅಲ್ಲ, ಮರದ ಬಗ್ಗೆ. ಬಾಡಿ ಬುಬಿಂಗ, ನೆಕ್ ವೆಂಗೆ, ಮೇಲ್ಪದರ ಮೇಪಲ್. ಮೊದಲ ಎರಡು ಆಫ್ರಿಕಾದ ಕಾಡಿನವು, ಮೂರನೆಯದು ಉತ್ತರ ಅಮೆರಿಕದ್ದು. ಮರ ಎಷ್ಟು ದೂರದ್ದೋ ವಾದ್ಯಕ್ಕೆ ಅಷ್ಟು ಬೆಲೆ, ಇಟ್ಟುಕೊಂಡವರಿಗೆ ಅಷ್ಟು ಗತ್ತು.

ವಾದ್ಯ ಮಾಡುವವರ ಕೈಕಸುಬಿನ ಬಗ್ಗೆ ನನಗೆ ತಕರಾರಿಲ್ಲ. ಒಂದು ನೆಕ್ಕನ್ನು ನೇರಕ್ಕೆ ಕೂರಿಸಿ, ಇಪ್ಪತ್ತಕ್ಕೂ ಹೆಚ್ಚು ಫ್ರೆಟ್‌ಗಳನ್ನು ಕೂದಲೆಳೆಯಷ್ಟೂ ಏರುಪೇರಿಲ್ಲದೆ ಹೊಂದಿಸುವುದು ದೊಡ್ಡ ಕೆಲಸ. ಆ ಕೆಲಸಕ್ಕೆ ಕೇಳುವ ದುಡ್ಡು ನ್ಯಾಯವಾದದ್ದೇ. ನನ್ನ ತಕರಾರು ಆ ‘ಎಕ್ಸಾಟಿಕ್’ ಅನ್ನುವ ಪದದ ಬಗ್ಗೆ. ಎಕ್ಸಾಟಿಕ್ ಅಂದರೆ ಯಾರಿಗೆ?

ಅಮೆರಿಕದ ಯಾವುದೇ ಗಿಟಾರ್ ಕ್ಯಾಟಲಾಗ್ ತೆಗೆದು ನೋಡಿ. ‘ಈಸ್ಟ್ ಇಂಡಿಯನ್ ರೋಸ್‌ವುಡ್’ ಅಂತ ಇರುತ್ತದೆ. ಅದು ನಮ್ಮ ಬೀಟೆ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದ ಬೀಟೆ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತಿಗೆ ಕಡಿವಾಣ ಹಾಕಿದಾಗ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಅದಕ್ಕೂ ಮೊದಲೇ ಫೆಂಡರ್ ತನ್ನ ಫ್ರೆಟ್‌ಬೋರ್ಡ್‌ಗಳಿಗೆ ಅದನ್ನು ಬಳಸತೊಡಗಿತ್ತು. ಅಂದಿನಿಂದ ಜಗತ್ತಿನ ಲಕ್ಷಾಂತರ ಗಿಟಾರ್ ವಾದಕರ ಬೆರಳು ಓಡಾಡಿದ್ದು ಪಶ್ಚಿಮಘಟ್ಟದ ಮರದ ಮೇಲೆ. ಅವರಿಗೆ ನಮ್ಮ ಬೀಟೆ ಎಕ್ಸಾಟಿಕ್. ನಮಗೆ ಅವರ ಮೇಪಲ್ ಎಕ್ಸಾಟಿಕ್. ಒಟ್ಟಿನಲ್ಲಿ ಹಿತ್ತಲ ಗಿಡ ಎಲ್ಲೂ ಮದ್ದಲ್ಲ.

ಇದು ಬರೀ ಅಭಿರುಚಿಯ ಮಾತಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಇದರ ಇನ್ನೊಂದು ತುದಿ ಹಳ್ಳಿಯಲ್ಲಿದೆ.

ಬೀಟೆ ನಿಧಾನಕ್ಕೆ ಬೆಳೆಯುವ ಮರ. ಅಜ್ಜ ನೆಟ್ಟರೆ ಮೊಮ್ಮಗನ ಕಾಲಕ್ಕೂ ಬಲಿತೀತೆಂಬ ಭರವಸೆ ಇಲ್ಲ. ಅಳಿವಿನ ಅಪಾಯಕ್ಕೆ ಈಡಾಗಬಲ್ಲ ಮರಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿದೆ. 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ಸೈಟಿಸ್ ಸಭೆ ಬೀಟೆಯ ಇಡೀ ಕುಲವನ್ನು ಎರಡನೇ ಅನುಬಂಧಕ್ಕೆ ಸೇರಿಸಿತು. 2017ರ ಜನವರಿ 2ರಿಂದ ಗಡಿ ದಾಟುವ ಬೀಟೆಗೆ ಪರವಾನಗಿ ಬೇಕಾಯಿತು. ಇದಕ್ಕೆ ಮುಖ್ಯ ಕಾರಣ ಚೀನಾದ ಪೀಠೋಪಕರಣಗಳ ಹಸಿವು, ಗಿಟಾರ್ ಅಲ್ಲ. ವಾದ್ಯ ತಯಾರಕರು, ಸಂಗೀತಗಾರರು ಗಟ್ಟಿಯಾಗಿ ದನಿ ಎತ್ತಿದರು. 2019ರಲ್ಲಿ ಜಿನೀವಾದ ಸಭೆ ಸಿದ್ಧ ವಾದ್ಯಗಳಿಗೆ ಮತ್ತು ಅವುಗಳ ಸಿದ್ಧ ಬಿಡಿಭಾಗಗಳಿಗೆ ವಿನಾಯಿತಿ ಕೊಟ್ಟಿತು. ಗಿಟಾರ್ ಇದ್ದವರಿಗೆ ಎರಡೂಮುಕ್ಕಾಲು ವರ್ಷದಲ್ಲಿ ಪರಿಹಾರ ಸಿಕ್ಕಿತು ಅಂತಾಯಿತು.

ಮರ ಇದ್ದವರ ಕಥೆ ಏನು? ಕೊಡಗಿನಲ್ಲಿ ‘ಅನ್‌ರಿಡೀಮ್ಡ್’ ಎನ್ನುವ ಜಮೀನುಗಳಿವೆ. ನೆಲ ಬೆಳೆಗಾರನದು, ಅದರ ಮೇಲಿರುವ ಮರದ ಬೆಲೆ ಸರ್ಕಾರದ್ದು. ತೋಟದಲ್ಲಿ ತಾನಾಗಿ ಹುಟ್ಟಿದ ಬೀಟೆ ಸಸಿ ಕಂಡರೆ ಬೆಳೆಗಾರನಿಗೆ ಖುಷಿಯಾಗುವುದಿಲ್ಲ, ತಲೆನೋವಾಗುತ್ತದೆ. ನೆರಳು ಕೊಟ್ಟು, ಗೊಬ್ಬರ ಕೊಟ್ಟು ಬೆಳೆಸಿದ ಮರ ತನ್ನದಲ್ಲ ಎಂದಾದರೆ ಬೆಳೆಸುವುದಾದರೂ ಯಾಕೆ? ಗಂಧದ ವಿಷಯದಲ್ಲಿ ಈ ತಪ್ಪು ಸರ್ಕಾರಕ್ಕೆ ಅರ್ಥವಾಗಲು 2001ರ ತಿದ್ದುಪಡಿ ತನಕ ಕಾಯಬೇಕಾಯಿತು. ಅಲ್ಲಿಯವರೆಗೆ ಹಿತ್ತಲಲ್ಲಿ ಗಂಧದ ಗಿಡ ಎದ್ದರೆ ಪೊಲೀಸರೇ ಮನೆಗೆ ಬಂದಂತೆ ಜನ ಹೆದರುತ್ತಿದ್ದರು. ಬೀಟೆಗೆ ಇನ್ನೂ ಆ ಭಾಗ್ಯ ಬಂದಿಲ್ಲ.

ಹಾಗಂತ ಕಡಿಯಲು ಬಿಟ್ಟರೆ ಏನಾಗುತ್ತದೆ ಎನ್ನುವುದನ್ನು ಪಕ್ಕದ ವಯನಾಡು ತೋರಿಸಿದೆ. ಪಟ್ಟಾ ಜಮೀನಿನಲ್ಲಿ ರೈತರು ಬೆಳೆಸಿದ ಮರಗಳನ್ನು ಕಡಿಯಬಹುದೆಂದು ಕೇರಳ ಸರ್ಕಾರ 2020ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. ಅದರ ನೆಪದಲ್ಲಿ ಮುಟ್ಟಿಲ್‌ನಲ್ಲಿ ನೂರಕ್ಕೂ ಹೆಚ್ಚು ಬೀಟೆ ಮರ ಉರುಳಿದವು. ಹಲವು ಮರಗಳಿದ್ದದ್ದು ಆದಿವಾಸಿಗಳ ಜಮೀನಿನಲ್ಲಿ. 2021ರ ಫೆಬ್ರುವರಿಯಲ್ಲಿ ಆದೇಶ ವಾಪಸಾಯಿತು, ಮರ ವಾಪಸಾಗಲಿಲ್ಲ. ಬೀಟೆಯ ಆಸೆ ದೊಡ್ಡದು, ಅದರಲ್ಲಿ ಬಡವನ ಪಾಲು ಸಣ್ಣದು.

ಇನ್ನು ಕೂಲಿಯ ಲೆಕ್ಕ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಂಪನಿಯ ಕಾರ್ಖಾನೆಗಳ ಮೇಲೆ ದಾಳಿ ಮಾಡಿ ಭಾರತದಿಂದ ಹೋಗಿದ್ದ ಬೀಟೆ, ಕರಿಮರದ ಫ್ರೆಟ್‌ಬೋರ್ಡ್ ಪಟ್ಟಿಗಳನ್ನು ವಶಪಡಿಸಿಕೊಂಡರು. ಮಡಗಾಸ್ಕರ್ ಕರಿಮರದ ಹಳೆಯ ಪ್ರಕರಣವೂ ಸೇರಿ 2012ರಲ್ಲಿ ರಾಜಿಯಾಯಿತು. ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಿತು, ಭಾರತದ ಮರ ಅದಕ್ಕೆ ವಾಪಸ್ ಸಿಕ್ಕಿತು. ಇಡೀ ಜಗಳ ನಿಂತಿದ್ದು ಒಂದು ಪ್ರಶ್ನೆಯ ಮೇಲೆ: ಆ ಪಟ್ಟಿ ಬರೀ ಕೊಯ್ದ ಮರವೋ, ವಾದ್ಯದ ಸಿದ್ಧ ಭಾಗವೋ? ಕೊಯ್ದ ಮರವಾದರೆ ಭಾರತದಿಂದ ಹೊರಗೆ ಹೋಗುವಂತಿಲ್ಲ. ಅಂದರೆ ಮರದ ಮೇಲಿನ ಕೆಲಸ ಇಲ್ಲಿಯೇ ಆಗಲಿ ಎನ್ನುವುದು ನಮ್ಮ ನಿಯಮದ ಆಶಯ. ನಾವು ಮಾಡಿದ್ದೇನು? ಪಟ್ಟಿ ಕೊಯ್ದು ಕಳಿಸಿದೆವು. ಅದೇ ಪಟ್ಟಿ ಗಿಟಾರಾಗಿ ಬ್ರಿಗೇಡ್ ರೋಡಿನ ಕಡೆಗೆ ವಾಪಸ್ ಬಂದಾಗ ಲಕ್ಷ ಕೊಟ್ಟು ಕೊಂಡೆವು.

ಈಗ ಬೆಂಗಳೂರಿನಲ್ಲೇ ಒಳ್ಳೆ ಗಿಟಾರ್ ಮಾಡುವ ಕೈಗಳಿವೆ. ಸಂತೋಷ. ಆದರೆ ಅವರೂ ಅವರ ಗಿರಾಕಿಗಳೂ ಬುಬಿಂಗದ ಹಿಂದೆಯೇ ಓಡಿದರೆ ಬದಲಾದದ್ದಾದರೂ ಏನು? ಬುಬಿಂಗ ಕೂಡ 2017ರಿಂದ ಬೀಟೆಯ ಜೊತೆಗೇ ಸೈಟಿಸ್ ಪಟ್ಟಿಯಲ್ಲಿರುವ ಮರ. ನಮ್ಮ ಮಲೆನಾಡಿಗೆ ಆದದ್ದನ್ನು ಕ್ಯಾಮರೂನ್, ಗಬಾನ್‌ಗಳಿಗೆ ನಾವೇ ದುಡ್ಡು ಕೊಟ್ಟು ಮಾಡಿಸಿದಂತಾಗುತ್ತದೆ. ಕ್ಯಾಮರೂನ್‌ನಲ್ಲಿ ಕರಿಮರದ ಮಿಲ್ ಕೊಂಡ ಟೇಲರ್ ಗಿಟಾರ್ ಕಂಪನಿಯ ಬಾಬ್ ಟೇಲರ್ ಅಲ್ಲಿ ಕಂಡದ್ದನ್ನು ಬಹಿರಂಗವಾಗಿ ಹೇಳಿದ್ದಾರೆ. ಪೂರ್ತಿ ಕಪ್ಪಗಿರುವ ಒಂದು ಮರ ಸಿಗಲು ಸುಮಾರು ಹತ್ತು ಮರ ಕಡಿಯುತ್ತಿದ್ದರು, ಗೆರೆ ಇರುವುದನ್ನು ಕಾಡಿನಲ್ಲೇ ಬಿಟ್ಟು ಬರುತ್ತಿದ್ದರು. ಗೆರೆ ಇದ್ದರೆ ದನಿ ಕೆಡುತ್ತದೆಯೇ? ಇಲ್ಲ. ಗಿರಾಕಿಗೆ ಕಪ್ಪು ಬೇಕಿತ್ತು, ಅಷ್ಟೇ.

‘ಮರದಿಂದಲೇ ದನಿ’ ಎನ್ನುವವರಿಗೆ ಒಂದು ಮಾತು. ವೀಣೆಗೆ, ಅಕೌಸ್ಟಿಕ್ ಗಿಟಾರಿಗೆ ಅದು ನಿಜ. ಅಲ್ಲಿ ಮರವೇ ಗಾಳಿಯನ್ನು ಅಲುಗಿಸುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್ ಹಿಡಿಯುವುದು ಅಯಸ್ಕಾಂತದ ಮೇಲೆ ಕಂಪಿಸುವ ಉಕ್ಕಿನ ತಂತಿಯನ್ನು. ಮರದ ಪಾತ್ರ ಇಲ್ಲವೇ ಇಲ್ಲ ಅನ್ನುವುದಿಲ್ಲ. ತೂಕ, ಗಟ್ಟಿತನ, ಬಾಗದೆ ನಿಲ್ಲುವ ಗುಣ ಇವೆಲ್ಲ ಮುಖ್ಯವೇ. ಆದರೆ ಅದು ಮರದ ಹೆಸರಿನಲ್ಲಿಲ್ಲ. ಲೆಸ್ ಪಾಲ್ 1940ರ ಸುಮಾರಿಗೆ ತನ್ನ ಪ್ರಯೋಗದ ಗಿಟಾರನ್ನು ಪೈನ್ ಮರದ ತೊಲೆಯಿಂದ ಮಾಡಿದ. ಲಿಯೋ ಫೆಂಡರ್ ಬಳಸಿದ ಆಶ್, ಆಲ್ಡರ್ ಆ ಕಾಲಕ್ಕೆ ಅವನ ಸುತ್ತ ಸುಲಭವಾಗಿ, ಅಗ್ಗವಾಗಿ ಸಿಗುತ್ತಿದ್ದ ಮರಗಳು. ಇವತ್ತು ನಾವು ಪೂಜಿಸುವ ಹಲವು ದನಿಗಳು ಹುಟ್ಟಿದ್ದು ಅವರವರ ಊರಿನ ಮಾಮೂಲಿ ಮರದಲ್ಲಿ. ನಾವು ಅವರಿಂದ ಮರ ಕಲಿತೆವು, ಬುದ್ಧಿ ಕಲಿಯಲಿಲ್ಲ.

ಹಾಗಾದರೆ ನಮ್ಮ ಮಾಮೂಲಿ ಮರ ಯಾವುದು? ಹಲಸೂರಿಗೆ ಆ ಹೆಸರು ಬಂದದ್ದೇ ಹಲಸಿನ ತೋಪಿನಿಂದ ಅಂತ ಹೇಳುತ್ತಾರೆ. ತಂಜಾವೂರು ವೀಣೆ ಹಲಸಿನದು, ಮೃದಂಗದ ಹೊಟ್ಟೆ ಹಲಸಿನದು. ನೂರಾರು ವರ್ಷ ಸಂಗೀತದಲ್ಲಿ ಪರೀಕ್ಷೆಯಾದ ಮರ. ಮೊದಲು ಅರಿಶಿನ ಬಣ್ಣ, ವರ್ಷ ಕಳೆದಂತೆ ಜೇನುಕಂದು. ಗೆದ್ದಲಿಗೆ ಸುಲಭಕ್ಕೆ ಬಗ್ಗದು. ಆದರೂ ಇಂದಿರಾನಗರದ ವೇದಿಕೆಯಲ್ಲಿ ಹಲಸಿನ ಬಾಸ್ ಹಿಡಿದವರನ್ನು ಹುಡುಕಬೇಕು. ತನ್ನ ಹೆಸರಿನ ಊರಲ್ಲೇ ಹಲಸು ಪರದೇಶಿ.

ಸಿಲ್ವರ್ ಓಕ್ ನೋಡಿ. ಕಾಫಿ ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿಗೆ ಅಂತ ಸಾಲುಸಾಲಾಗಿ ನಿಂತಿದೆ. ಕಡಿಯಲು ಅನುಮತಿ ಬೇಕಿಲ್ಲದ ಮರಗಳ ಪಟ್ಟಿಯಲ್ಲಿದೆ. ಪ್ಲೈವುಡ್ಡಿಗೆ ಹೋಗುತ್ತದೆ. ಸರಿಯಾಗಿ ಕೊಯ್ದರೆ ಜರಿಯಂಥ ಹೊಳೆಯುವ ಚುಕ್ಕಿ ಕಾಣುವ ಮರ ಅದು. ಮೂಲ ಆಸ್ಟ್ರೇಲಿಯಾದ್ದು, ಬೇಕಿದ್ದರೆ ಅದನ್ನೇ ಎಕ್ಸಾಟಿಕ್ ಅಂತ ಕರೆಯಿರಿ! ಅದೇ ಆಸ್ಟ್ರೇಲಿಯಾದ ಮೇಟನ್ ಕಂಪನಿ 1946ರಿಂದ ಗಿಟಾರ್ ಮಾಡುತ್ತಿದೆ, ತನ್ನ ದೇಶದ ಮರಗಳನ್ನೇ ಮುಂದಿಟ್ಟು ಹೆಸರು ಮಾಡಿದೆ. ಇನ್ನು ದಂಡಿನ ಹಳೆಯ ಬಂಗಲೆಗಳು ದಿನಕ್ಕೊಂದರಂತೆ ಬೀಳುತ್ತಿವೆ. ಅವುಗಳ ತೇಗದ ತೊಲೆ, ಬಾಗಿಲುಗಳು ಗುಜರಿ ಸೇರುತ್ತಿವೆ. ಅಷ್ಟು ಚೆನ್ನಾಗಿ ಒಣಗಿದ ಮರ ಹೊಸದಾಗಿ ಎಲ್ಲಿ ಸಿಗುತ್ತದೆ?

‘ಹಲಸು ಸೊಟ್ಟಗಾಗುತ್ತದೆ, ನಂಬಲಾಗದು’ ಎನ್ನುವ ಆಕ್ಷೇಪ ಬರುತ್ತದೆ. ಹಸಿ ಮರ ಯಾವುದಾದರೂ ಸೊಟ್ಟಗಾಗುತ್ತದೆ. ಮೇಪಲ್ ನೇರ ನಿಲ್ಲುವುದು ಅದನ್ನು ಗೂಡಿನಲ್ಲಿ ಹದವಾಗಿ ಒಣಗಿಸಿ, ಗುಣಮಟ್ಟ ನೋಡಿ ಮಾರುವ ವ್ಯವಸ್ಥೆ ಅಲ್ಲಿ ಇರುವುದರಿಂದ. ನಮ್ಮಲ್ಲಿ ಕೊರತೆ ಇರುವುದು ಆ ವ್ಯವಸ್ಥೆಗೆ. ಮರದ ಗುಣ ಪರೀಕ್ಷಿಸಲೆಂದೇ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಗಿಟಾರ್ ಮಾಡುವವರು ಗುಂಪಾಗಿ ಹೋಗಿ ಅದರ ಬಾಗಿಲು ತಟ್ಟಲಿ. ಒಂದು ಗಿಟಾರ್ ಬಾಡಿಗೆ ಬೇಕಾಗುವುದು ಒಂದು ಘನ ಅಡಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಮರ. ವಯಸ್ಸಾಗಿ ಫಸಲು ನಿಂತ ಒಂದೇ ಹಲಸಿನ ದಿಮ್ಮಿಯಿಂದ ಹತ್ತಾರು ವಾದ್ಯ ಆದೀತು. ಈಗ ಅಂಥ ಮರವನ್ನು ದಲ್ಲಾಳಿ ನಿಂತಲ್ಲೇ ಅಂದಾಜಿಗೆ ಕೊಂಡು ಹೋಗುತ್ತಾನೆ. ವಾದ್ಯಕ್ಕೆಂದೇ ಒಣಗಿಸಿ, ಹಲಗೆ ಮಾಡಿ ಕೊಡುವ ಒಂದು ಸಣ್ಣ ಸಹಕಾರಿ ಮಲೆನಾಡಿನಲ್ಲೋ ತೂಬಗೆರೆಯಲ್ಲೋ ಇದ್ದರೆ ಆ ಬೆಲೆ ರೈತನಿಗೂ ಊರಿನ ಆಚಾರಿಗೂ ಸಿಗುತ್ತದೆ.

ನಮ್ಮ ಕಡೆಯವರಿಗೂ ಒಂದು ಮಾತು. ಗಿಟಾರ್ ದಂಡಿನವರದು, ನಮ್ಮದಲ್ಲ ಅಂತ ಮೂಗು ಮುರಿಯುವುದನ್ನು ಬಿಡೋಣ. ನಗರ ಮತ್ತು ದಂಡು ಒಂದಾದದ್ದು 1949ರಲ್ಲಿ. ಜಿ.ಕೆ. ವೆಂಕಟೇಶ್ ಅವರ ಕನ್ನಡ ಹಾಡುಗಳ ಕಾಲದಲ್ಲಿ ಅವರ ಸಹಾಯಕರಾಗಿ ಗಿಟಾರ್ ಹಿಡಿದಿದ್ದವರು ಮುಂದೆ ಹೆಸರಾದ ಇಳಯರಾಜ. ವಾದ್ಯ ನಮ್ಮದಾಗಿ ಎಷ್ಟೋ ಕಾಲವಾಯಿತು. ಮರ ಮಾತ್ರ ಇನ್ನೂ ಆಗಿಲ್ಲ.

ಆದ್ದರಿಂದ ಮುಂದಿನ ಸಲ ಗಿಟಾರ್ ಮಾಡಿಸುವವರು ಎರಡು ಪ್ರಶ್ನೆ ಕೇಳಿ. ಈ ಮರ ಯಾವ ಊರಿನದು? ಕಡಿದವನಿಗೆ ಎಷ್ಟು ಸಿಕ್ಕಿತು? ಉತ್ತರವನ್ನು ಬಿಲ್ಲಿನ ಮೇಲೆ ಬರೆದುಕೊಡಲು ಹೇಳಿ. ಬರೆದುಕೊಡಲು ಆಗದ ಮರ ಎಷ್ಟೇ ಚಂದ ಇದ್ದರೂ ಬೇಡ ಅನ್ನಿ.