ಜಿಲ್ಲಾ ಪಂಚಾಯತಿನ ಹೊಸ ಅಧ್ಯಕ್ಷರಲ್ಲಿ ನಮ್ಮ ಬಿನ್ನಹ

ಕಾಸರಗೋಡು ಸೀಮೆಯ ಕನ್ನಡ ಬಾಂಧವರೇ,

2025ರ ಡಿಸೆಂಬರ್ ತಿಂಗಳಲ್ಲಿ ಕೇರಳದ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ಜರುಗಿ, ನಮ್ಮ ಜಿಲ್ಲಾ ಪಂಚಾಯತಿಗೆ ಹೊಸ ಆಡಳಿತ ಮಂಡಳಿಯೂ ಹೊಸ ಅಧ್ಯಕ್ಷರೂ ಬಂದಿರುವರು. ಜಯಘೋಷಗಳು ಅಡಗಿದುವು, ಇನ್ನು ಉಳಿದಿರುವುದು ಐದು ವರ್ಷಗಳ ಕಾರ್ಯ. ಗೆದ್ದವರು ಯಾವ ಪಕ್ಷದವರೆಂಬುದು ನಮ್ಮ ಪ್ರಸ್ತಾಪವಲ್ಲ. ಅಧಿಕಾರಪೀಠದಲ್ಲಿ ಕುಳಿತವರು ಮೊದಲು ಮಾಡಬೇಕಾದುದೇನು, ಅದನ್ನು ಮಾಡುವ ಅಧಿಕಾರ ಅವರಿಗೆ ಉಂಟೋ ಇಲ್ಲವೋ ಎಂಬುದೇ ನಮ್ಮ ವಿಚಾರ.

ಇಲ್ಲದ ಅಧಿಕಾರವನ್ನು ಬೇಡುವುದು ವ್ಯರ್ಥ. ಇರುವ ಅಧಿಕಾರವನ್ನು ಬಳಸಿರೆಂದು ಕೇಳದಿರುವುದು ನಮ್ಮದೇ ತಪ್ಪು. 1956ರ ನವೆಂಬರ್ 1ರಂದು ಬಿದ್ದ ಗಡಿಗೆರೆಯನ್ನು ಅಳಿಸುವ ಶಕ್ತಿ ಜಿಲ್ಲಾ ಪಂಚಾಯತಿಗೆ ಇಲ್ಲ; ಆ ಪ್ರಶ್ನೆ ಬೇರೆಡೆ ಇತ್ಯರ್ಥವಾಗಬೇಕಾದುದು. ಆದರೆ 1994ರ ಕೇರಳ ಪಂಚಾಯತ್ ರಾಜ್ ಕಾನೂನಿನ ಮೇರೆಗೆ ಸರಕಾರಿ ಪ್ರೌಢಶಾಲೆಗಳ ಮೇಲ್ವಿಚಾರಣೆ ಜಿಲ್ಲಾ ಪಂಚಾಯತಿಗೆ ಸೇರಿದುದು. ಜಿಲ್ಲಾ ಆಸ್ಪತ್ರೆಯೂ ಅದರ ಕೈಕೆಳಗಿನದು. ಜಿಲ್ಲಾ ಯೋಜನಾ ಸಮಿತಿಗೆ ಈ ಅಧ್ಯಕ್ಷರೇ ಅಧ್ಯಕ್ಷರು. 1996ರಲ್ಲಿ ಜನಕೀಯ ಯೋಜನೆ ಆರಂಭವಾದಾಗ, ರಾಜ್ಯದ ಯೋಜನಾ ಹಣದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಡಲು ನಿಶ್ಚಯವಾಯಿತು. ಆದುದರಿಂದ 'ನಮ್ಮ ಕೈಯಲ್ಲಿ ಏನೂ ಇಲ್ಲ' ಎಂಬ ಉತ್ತರವನ್ನು ನಾವು ಒಪ್ಪಲಾರೆವು.

ಮೊದಲನೆಯ ಮಾತು ಶಾಲೆಯದು. ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ದೊರಕಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಈ ವಿಧಿಯೂ ನಮ್ಮ ಸೀಮೆ ಕೇರಳಕ್ಕೆ ಸೇರಿದ 1956ರಲ್ಲಿಯೇ ಸಂವಿಧಾನಕ್ಕೆ ಸೇರಿತು. ಆದರೂ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡವರಿಯದ ಅಧ್ಯಾಪಕರು ನೇಮಕವಾಗಿ ಬರುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. ನಮ್ಮಲ್ಲೊಬ್ಬರ ಮೊಮ್ಮಗಳು ಗಣಿತದ ತರಗತಿಯಿಂದ ಬಂದು, ಹಲಗೆಯ ಮೇಲಿದ್ದ ಅಂಕಿಗಳನ್ನೆಲ್ಲ ತಪ್ಪಿಲ್ಲದೆ ಬರೆದುಕೊಂಡಿದ್ದ ಪುಸ್ತಕವನ್ನು ಬಿಡಿಸಿ, "ಅಜ್ಜಾ, ಮಾಸ್ಟ್ರು ಹೇಳಿದ್ದು ಏನು?" ಎಂದು ಕೇಳಿದಳು. ಅಂಕಿ ಬಂತು, ಅರ್ಥ ಬರಲಿಲ್ಲ. ಆ ಮಗು ದಡ್ಡಿಯೆಂದು ಪರೀಕ್ಷೆಯಲ್ಲಿ ತೀರ್ಮಾನವಾದರೆ ಅದು ಯಾರ ದೋಷ? ಬಂದ ಅಧ್ಯಾಪಕರ ಮೇಲೂ ನಮಗೆ ಸಿಟ್ಟಿಲ್ಲ. ತಿಳಿಯದ ಭಾಷೆಯ ಮಕ್ಕಳೆದುರು ಅವರೂ ನಿಸ್ಸಹಾಯಕರೇ.

'ಮಲೆಯಾಳವನ್ನು ಕಲಿತರಾಗದೆ?' ಎಂದು ಕೇಳುವವರುಂಟು. ನಾವು ಕಲಿತಿದ್ದೇವೆ, ಕಲಿಯುತ್ತಲೂ ಇದ್ದೇವೆ. ತುಳು, ಮಲೆಯಾಳ, ಕೊಂಕಣಿ, ಬ್ಯಾರಿ ಮಾತುಗಳು ಒಂದೇ ಬೀದಿಯಲ್ಲಿ ಕೇಳಿಸುವ ಸೀಮೆ ನಮ್ಮದು. ಆದರೆ ಒಂದು ಭಾಷೆಯನ್ನು ಪಾಠವಾಗಿ ಕಲಿಯುವುದು ಬೇರೆ, ತಿಳಿಯದ ಭಾಷೆಯಲ್ಲಿ ಗಣಿತವನ್ನು ಕಲಿಯುವುದು ಬೇರೆ. ಅಧ್ಯಾಪಕರನ್ನು ಆರಿಸುವುದು ಪಂಚಾಯತಲ್ಲ, ನಿಜ. ಆದರೆ ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲೇ, ಯಾವ ಪ್ರೌಢಶಾಲೆಯಲ್ಲಿ ಯಾವ ವಿಷಯಕ್ಕೆ ಕನ್ನಡ ಬಲ್ಲ ಅಧ್ಯಾಪಕರಿಲ್ಲವೆಂಬ ಪಟ್ಟಿಯನ್ನು ತಯಾರಿಸಿ ಪ್ರಕಟಿಸುವುದು ಅಧ್ಯಕ್ಷರಿಗೆ ಸಾಧ್ಯ. ತಾತ್ಕಾಲಿಕ ನೇಮಕದಲ್ಲಿ ಕನ್ನಡ ಬಲ್ಲವರನ್ನೇ ಹುಡುಕಿಸುವಂತೆ ಒತ್ತಾಯಿಸುವುದೂ ಸಾಧ್ಯ. ಇದಕ್ಕೆ ಹಣ ಬೇಡ, ಮನಸ್ಸು ಬೇಕು.

ಎರಡನೆಯದು ಕಚೇರಿಯ ಭಾಷೆ. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳೆಂದು ಸಾರಲಾದ ಕಡೆಗಳಲ್ಲಿ ಕನ್ನಡಿಗರು ಸರಕಾರದ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲಿಯೇ ಬರೆಯಬಹುದೆಂದೂ, ಉತ್ತರವೂ ಕನ್ನಡದಲ್ಲಿಯೇ ಬರತಕ್ಕುದೆಂದೂ ಕೇರಳದ ಅಧಿಕೃತ ಭಾಷಾ ಕಾನೂನೇ ವಿಧಿಸಿದೆ. ಇದು ಯಾರ ದಯೆಯೂ ಅಲ್ಲ. ಅರ್ಜಿಯ ನಮೂನೆಯಲ್ಲಿ ಏನಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತುವ ಮುದುಕಿ ತನ್ನ ಪಿಂಚಣಿಯನ್ನು ಪಡೆಯುತ್ತಿರುವಳೋ, ಹಕ್ಕನ್ನು ಬಿಟ್ಟುಕೊಡುತ್ತಿರುವಳೋ, ಅವಳಿಗೇ ಗೊತ್ತಿರದು. ಜಿಲ್ಲಾ ಪಂಚಾಯತು ತನ್ನ ನಮೂನೆಗಳನ್ನೂ ಫಲಾನುಭವಿಗಳ ಪಟ್ಟಿಗಳನ್ನೂ ಎರಡು ಭಾಷೆಗಳಲ್ಲಿ ಅಚ್ಚು ಮಾಡಿಸಲಿ. ಉಳಿದ ಕಚೇರಿಗಳಿಗೆ ಅದೇ ಮೇಲ್ಪಂಕ್ತಿಯಾಗಲಿ.

ಮೂರನೆಯದು ನೀರು. ಮಳೆಗಾಲದಲ್ಲಿ ಹೊಳೆಗಳು ಉಕ್ಕಿ ಹರಿಯುವ ಈ ನಾಡಿನಲ್ಲಿ ಏಪ್ರಿಲ್‌ನಲ್ಲಿ ಕೊಡಕ್ಕೆ ನೀರಿಲ್ಲ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತಂದ ಸುರಂಗಗಳೂ, ತೋಡುಗಳಿಗೆ ಕಲ್ಲುಮಣ್ಣಿನಿಂದ ಹಾಕುತ್ತಿದ್ದ ಕಟ್ಟಗಳೂ ನಮ್ಮ ಹಿರಿಯರ ವಿದ್ಯೆ. ಕೊಳವೆಬಾವಿಗಳು ಬಂದ ಮೇಲೆ ಎರಡೂ ಹಿಂದೆ ಸರಿದುವು. ಕಟ್ಟ ಹಾಕುವ ಕಾಲ ಮಳೆ ನಿಂತ ನಂತರ, ತೋಡಿನಲ್ಲಿ ಇನ್ನೂ ಹರಿವು ಇರುವಾಗ. ಯೋಜನೆಯ ಹಣ ಮಾರ್ಚಿನಲ್ಲಿ ಅವಸರದಿಂದ ಖರ್ಚಾದರೆ ಕಟ್ಟ ನಿಲ್ಲುವುದು ಒಣ ತೋಡಿಗೆ ಅಡ್ಡವಾಗಿ. ಕಟ್ಟಗಳ ಹಣ ನವೆಂಬರಿಗೆ ಮೊದಲೇ ಕೈಸೇರಲಿ ಎಂಬುದು ನಮ್ಮ ಬೇಡಿಕೆ.

ಕೊನೆಯದು, ಭಾರದಲ್ಲಿ ಕಡಿಮೆಯಲ್ಲದುದು, ರೋಗಿಗಳ ಮಾತು. ಗೇರುತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಸುರಿದುದು 2000ದಲ್ಲಿ ನಿಂತಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಗಳ ಮನೆಗಳಲ್ಲಿ ಅದರ ಫಲ ನಿಂತಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಜನವರಿಯಲ್ಲಿ ಆಜ್ಞಾಪಿಸಿತು. ವಿಳಂಬಕ್ಕಾಗಿ 2022ರಲ್ಲಿ ಸರಕಾರವನ್ನು ಪುನಃ ತರಾಟೆಗೆ ತೆಗೆದುಕೊಂಡಿತು. ಹಣ ಒಮ್ಮೆ ಬಂದು ಮುಗಿಯುವುದು. ಹಾಸಿಗೆ ಹಿಡಿದ ಮಗನನ್ನು ತಾಯಿ ಪ್ರತಿದಿನ ಎತ್ತಬೇಕು. ತಾಯಿ ಇಲ್ಲವಾದ ಮೇಲೆ ಎತ್ತುವವರಾರು? 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ತಲುಪಲಾರದೆ ಜನರು ಪ್ರಾಣ ಬಿಟ್ಟುದನ್ನೂ ಮರೆಯಲಾಗದು. ಜಿಲ್ಲಾ ಆಸ್ಪತ್ರೆ ಇರುವುದು ದೂರದ ಕಾಞಂಗಾಡಿನಲ್ಲಿ. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಂಕುಸ್ಥಾಪನೆಯಾಯಿತು; ಅಲ್ಲಿನ ಆಸ್ಪತ್ರೆ ಪೂರ್ಣರೂಪದಲ್ಲಿ ನಡೆಯುವಂತೆ ಜಿಲ್ಲೆಯ ದನಿಯಾಗಿ ತಿರುವನಂತಪುರದಲ್ಲಿ ಮಾತನಾಡುವುದು ಅಧ್ಯಕ್ಷರ ಧರ್ಮ.

ಬಾಂಧವರೇ, ಅಧ್ಯಕ್ಷರಿಗೆ ಇಷ್ಟು ಹೇಳಿದ ಮೇಲೆ ನಮಗೆ ನಾವೇ ಹೇಳಿಕೊಳ್ಳಬೇಕಾದುದೂ ಉಂಟು. ಮೂರು ತಿಂಗಳಿಗೊಮ್ಮೆ ಸೇರಬೇಕಾದ ಗ್ರಾಮಸಭೆಗೆ ನಮ್ಮಲ್ಲಿ ಎಷ್ಟು ಮಂದಿ ಹೋಗುತ್ತೇವೆ? ಹೋದವರಲ್ಲಿ ಎಷ್ಟು ಮಂದಿ ಬಾಯಿ ತೆರೆಯುತ್ತೇವೆ? ಅಲ್ಲಿ ಕನ್ನಡದಲ್ಲಿ ಮಾತನಾಡಿರಿ. ಅರ್ಜಿಯನ್ನು ಕನ್ನಡದಲ್ಲಿ ಬರೆದು, ನಕಲನ್ನು ಇಟ್ಟುಕೊಂಡು, ರಶೀದಿಯನ್ನು ಕೇಳಿ ಪಡೆಯಿರಿ. ಬಳಸದ ಹಕ್ಕು ತೆಗೆಯದ ಬಾವಿಯಂತೆ. ನೀರು ಕೆಳಗಿದ್ದರೂ ಬಾಯಾರಿಕೆ ತೀರದು. ನೆರೆಯ ಮಲೆಯಾಳಿ ಬಾಂಧವರೊಡನೆ ನಮಗೆ ಜಗಳವಿಲ್ಲ. ಒಣಗಿದ ತೋಡು ಅವರಿಗೂ ಒಣಗಿದುದೇ. ಮುಂದಿನ ಚುನಾವಣೆಯವರೆಗೆ ಕಾಯದೆ, ಪ್ರತಿ ವರ್ಷವೂ ಈ ನಾಲ್ಕು ವಿಷಯಗಳ ಲೆಕ್ಕವನ್ನು ನಾವು ಕೇಳುವೆವು. ಅಧ್ಯಕ್ಷರು ಲೆಕ್ಕವನ್ನು ಸಿದ್ಧವಾಗಿಟ್ಟುಕೊಳ್ಳಲೆಂದೇ ಈ ಬಿನ್ನಹ.