ಅಸೈನ್‌ಮೆಂಟ್ ಉತ್ತರ ಫೋನ್‌ನಲ್ಲೇ ರೆಡಿ, ಡೌಟ್ ಬಗೆಹರಿಸೋರು ಯಾರು? ನಾಗಪುರದ ಪಾಠ ಕರ್ನಾಟಕಕ್ಕೂ ಬೇಕು

ನಾಗಪುರ: ಮಹಾರಾಷ್ಟ್ರದ ನಾಗಪುರದಲ್ಲಿ ಕನ್ನಡಿಗರೊಬ್ಬರ ಹೆಸರು ಹೊತ್ತ ದೊಡ್ಡ ಎಂಜಿನಿಯರಿಂಗ್ ಸಂಸ್ಥೆಯಿದೆ. 1960ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಶುರುವಾಗಿ, 2002ರಲ್ಲಿ ಎನ್‌ಐಟಿ ಸ್ಥಾನಮಾನ ಪಡೆದ ಈ ಸಂಸ್ಥೆಯೇ ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಅಂದರೆ ವಿಎನ್‌ಐಟಿ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿಕೊಟ್ಟು ತಮ್ಮ ಖರ್ಚು ನಿಭಾಯಿಸಿದವರು. 1881ರಲ್ಲಿ ಅವರು ಬಿಎ ಮುಗಿಸಿದರು. ಆ ಕಾಲದಲ್ಲಿ ಲೆಕ್ಕ ಅರ್ಥವಾಗದಿದ್ದರೆ ಹೇಳಿಕೊಡಲು ಒಬ್ಬ ಮನುಷ್ಯ ಬೇಕಿತ್ತು. ಈಗ ಪ್ರಶ್ನೆಯ ಫೋಟೋ ತೆಗೆದರೆ ಸಾಕು, ಅರೆ ನಿಮಿಷದಲ್ಲಿ ಹಂತ ಹಂತವಾಗಿ ಉತ್ತರ ಬಂದು ಬೀಳುತ್ತದೆ.

ಹಾಗಾದರೆ ಗಣಿತ, ಭೌತಶಾಸ್ತ್ರದ ವಿದ್ಯಾರ್ಥಿಗಳ ಕಷ್ಟ ತೀರಿತೇ? ಉತ್ತರದ ಕಷ್ಟವೇನೋ ತೀರಿದೆ. ಅರ್ಥದ ಕಷ್ಟ ಹಾಗೇ ಉಳಿದಿದೆ.

ಕ್ರೆಡಿಟ್‌ನ ಅರ್ಧ ಪಾಲು ಮನೆಯಲ್ಲೇ!

2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್ ಅಂದರೆ 30 ಗಂಟೆಗಳ ಕಲಿಕೆ. ಥಿಯರಿ ವಿಷಯವಾದರೆ ಅದರಲ್ಲಿ ತರಗತಿಯ ಪಾಠ 15 ಗಂಟೆ ಮಾತ್ರ. ಹಾಗಾಗಿ 4 ಕ್ರೆಡಿಟ್‌ನ ಕ್ಯಾಲ್ಕುಲಸ್ ಪತ್ರಿಕೆಗೆ ಕಾಲೇಜಿನಲ್ಲಿ 60 ಗಂಟೆ ಕುಳಿತರೆ, ಇನ್ನೂ 60 ಗಂಟೆ ತರಗತಿಯ ಹೊರಗೆ ಕಲಿಯಬೇಕು. ಅಸೈನ್‌ಮೆಂಟ್, ಲೆಕ್ಕದ ಅಭ್ಯಾಸ ಎಲ್ಲವೂ ಈ ಲೆಕ್ಕದಲ್ಲೇ ಬರುತ್ತವೆ. ಪದವಿಯ ಅರ್ಧ ಕಲಿಕೆ ನಡೆಯುವ ಈ ಹೊತ್ತಿನಲ್ಲಿ ವಿದ್ಯಾರ್ಥಿ ಎಲ್ಲಾದರೂ ಸಿಕ್ಕಿಕೊಂಡರೆ ಕೈ ಹಿಡಿಯೋದು ಯಾರು?

ವಿಎನ್‌ಐಟಿಯಂತಹ ಸಂಸ್ಥೆಯಲ್ಲಿ ಹಾಸ್ಟೆಲ್ ಇದೆ, ಸೀನಿಯರ್‌ಗಳಿದ್ದಾರೆ, ಪಿಎಚ್‌ಡಿ ಮಾಡುತ್ತಿರುವವರಿದ್ದಾರೆ. ರಾತ್ರಿ ಹನ್ನೊಂದಕ್ಕೆ ಡೌಟ್ ಬಂದರೂ ಪಕ್ಕದ ರೂಮಿನ ಬಾಗಿಲು ತಟ್ಟಬಹುದು. ಆದರೆ 1923ರಲ್ಲಿ ಸ್ಥಾಪನೆಯಾದ ನಾಗಪುರ ವಿಶ್ವವಿದ್ಯಾಲಯದ ವ್ಯಾಪ್ತಿ ನಾಗಪುರದ ಜೊತೆಗೆ ವರ್ಧಾ, ಭಂಡಾರ, ಗೊಂದಿಯಾ ಜಿಲ್ಲೆಗಳಿಗೂ ಹರಡಿದೆ. ತಾಲೂಕು ಕೇಂದ್ರದ ಕಾಲೇಜಿಗೆ ಬಸ್ಸಿನಲ್ಲಿ ಬಂದು ಹೋಗುವ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಮೆಟ್ಟಿಲು ಹತ್ತಿದ ಬಿಎಸ್‌ಸಿ ವಿದ್ಯಾರ್ಥಿಗೆ ತಟ್ಟಲು ಯಾವ ಬಾಗಿಲೂ ಇಲ್ಲ.

ಮೇಷ್ಟ್ರಿಗೂ ಗಂಟೆ ಲೆಕ್ಕ

ತಪ್ಪು ಉಪನ್ಯಾಸಕರದ್ದು ಎಂದು ಸುಲಭವಾಗಿ ಹೇಳುವಂತಿಲ್ಲ. ಮಹಾರಾಷ್ಟ್ರದ ಕಾಲೇಜುಗಳಲ್ಲಿ ಖಾಯಂ ಹುದ್ದೆ ತುಂಬದ ಕಡೆ ‘ಕ್ಲಾಕ್ ಅವರ್’ ಆಧಾರದ ಮೇಲೆ ನೇಮಕವಾದವರು ಪಾಠ ಮಾಡುತ್ತಾರೆ. ತೆಗೆದುಕೊಂಡ ಪೀರಿಯಡ್‌ಗೆ ಇಷ್ಟು ಎಂಬ ಲೆಕ್ಕದಲ್ಲಿ ಅವರಿಗೆ ಸಂಭಾವನೆ. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೂ ಸಾವಿರಾರು ಅತಿಥಿ ಉಪನ್ಯಾಸಕರು ವಾರಕ್ಕೆ ಇಂತಿಷ್ಟು ಗಂಟೆ ಕಾರ್ಯಭಾರದ ಮೇಲೆ ದುಡಿಯುತ್ತಿದ್ದಾರೆ. ಬೆಲ್ ಹೊಡೆದ ಮೇಲೆ ವಿದ್ಯಾರ್ಥಿಯ ಪಕ್ಕ ಕುಳಿತು ಒಂದು ಲೆಕ್ಕ ಬಿಡಿಸಿ ತೋರಿಸಿದರೆ ಆ ಅರ್ಧ ಗಂಟೆ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಅಸೈನ್‌ಮೆಂಟ್ ಕಡ್ಡಾಯ, ಅದಕ್ಕೆ ನೆರವು ಮಾತ್ರ ಯಾರ ಕರ್ತವ್ಯವೂ ಅಲ್ಲ. ಸಮಸ್ಯೆಯ ಬೇರು ಇಲ್ಲಿದೆ.

ಈ ಖಾಲಿ ಜಾಗ ತುಂಬಲು ಮೊದಲು ಗೈಡ್‌ಗಳು ಬಂದವು, ಆಮೇಲೆ ಟ್ಯೂಷನ್, ನಂತರ ಹಣ ಕಟ್ಟಿದರೆ ಉತ್ತರ ಕೊಡುವ ಕಂಪನಿಗಳು. ಅಮೆರಿಕದ ಚೆಗ್ ಕಂಪನಿಗೆ ಅಲ್ಲಿನ ವಿದ್ಯಾರ್ಥಿಗಳು ಕಳಿಸಿದ ಪ್ರಶ್ನೆಗಳಿಗೆ ಉತ್ತರ ಬರೆದವರಲ್ಲಿ ಭಾರತದ ಪದವೀಧರರದ್ದೇ ದೊಡ್ಡ ಪಾಲು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆ ವ್ಯಾಪಾರವೂ ಕುಸಿಯಿತು. 2023ರ ಮೇ ತಿಂಗಳಲ್ಲಿ ಒಂದೇ ದಿನ ಚೆಗ್ ಷೇರು ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಚೆಂಡು ಹೇಳುವ ಸತ್ಯ

ರೆಡಿ ಉತ್ತರದಿಂದ ನಷ್ಟವೇನು? ಒಂದು ಉದಾಹರಣೆ ನೋಡೋಣ. ಮೇಲಕ್ಕೆ ಎಸೆದ ಚೆಂಡಿಗೆ ಗಾಳಿಯ ತಡೆ ಇದೆ. ಆ ತಡೆ ವೇಗಕ್ಕೆ ಅನುಪಾತದಲ್ಲಿದ್ದರೆ ಚೆಂಡು ಏರುವಾಗಲೂ ಇಳಿಯುವಾಗಲೂ ಒಂದೇ ಸಮೀಕರಣ ಸಾಕು. ದಿಕ್ಕು ಬದಲಾದಾಗ ವೇಗದ ಚಿಹ್ನೆ ಬದಲಾಗುತ್ತದೆ, ತಡೆಯ ಚಿಹ್ನೆಯೂ ತಾನಾಗೇ ಬದಲಾಗುತ್ತದೆ. ಅದೇ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿದ್ದರೆ? ವರ್ಗ ಮಾಡಿದಾಗ ಮೈನಸ್ ಅಳಿಸಿಹೋಗುತ್ತದೆ. ಹಾಗಾಗಿ ಏರುವಾಗ ಒಂದು, ಇಳಿಯುವಾಗ ಇನ್ನೊಂದು ಸಮೀಕರಣ ಬರೆಯಬೇಕು.

ಫೋನ್ ನೋಡಿ ನಕಲು ಮಾಡಿದವರ ಹಾಳೆಯಲ್ಲೂ ಎರಡು ಸಮೀಕರಣ ಇರುತ್ತವೆ, ಅಂಕವೂ ಬೀಳುತ್ತದೆ. ‘ಎರಡು ಯಾಕೆ’ ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಮೊದಲು ಒಂದೇ ಸಮೀಕರಣ ಬರೆದು, ಉತ್ತರ ತಪ್ಪಾಗಿ, ಮತ್ತೆ ಮೊದಲಿನಿಂದ ನೋಡಿದವರಿಗೆ ಅದು ಮರೆಯುವುದಿಲ್ಲ. ಹೋಮ್‌ವರ್ಕ್‌ನ ಉದ್ದೇಶವೇ ಆ ತಪ್ಪು ಮಾಡಿಸುವುದು.

ಒಂದೇ ತಂತ್ರಜ್ಞಾನ, ಎರಡು ಫಲಿತಾಂಶ

ಹಾಗಂತ ಎಐ ನಿಷೇಧಿಸಿದರೆ ಎಲ್ಲ ಸರಿಹೋಗುವುದಿಲ್ಲ. ಟರ್ಕಿಯಲ್ಲಿ ಪ್ರೌಢಶಾಲೆಯ ಸುಮಾರು ಸಾವಿರ ಮಕ್ಕಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಹೇಳುತ್ತದೆ. ಸಾಮಾನ್ಯ ಎಐ ಕೈಗೆ ಸಿಕ್ಕವರು ಗಣಿತದ ಅಭ್ಯಾಸದಲ್ಲಿ ಶೇ. 48ರಷ್ಟು ಹೆಚ್ಚು ಅಂಕ ಪಡೆದರು. ಆದರೆ ಎಐ ಇಲ್ಲದ ಪರೀಕ್ಷೆಯಲ್ಲಿ, ಅದನ್ನು ಬಳಸದೇ ಇದ್ದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಉತ್ತರ ಬಿಟ್ಟುಕೊಡದೆ ಸುಳಿವು ಮಾತ್ರ ನೀಡುವ ಎಐ ಬಳಸಿದವರಿಗೆ ಈ ಹೊಡೆತ ಬಹುತೇಕ ತಪ್ಪಿತು.

ಅದೇ ವರ್ಷ ಬಂದ ಹಾರ್ವರ್ಡ್ ವಿಶ್ವವಿದ್ಯಾಲಯದ ವರದಿ ಇನ್ನೊಂದು ಮುಖ ತೋರಿಸುತ್ತದೆ. ಅಧ್ಯಾಪಕರೇ ರೂಪಿಸಿದ, ಒಂದೊಂದೇ ಹಂತ ಹೇಳಿಕೊಡುವ ಎಐ ಜೊತೆ ಕಲಿತ ಭೌತಶಾಸ್ತ್ರದ ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿತವರಿಗಿಂತ ಕಡಿಮೆ ಹೊತ್ತಿನಲ್ಲಿ ಹೆಚ್ಚು ಕಲಿತರು.

ನಾಗಪುರದ ಹುಡುಗ ಮರಾಠಿಯಲ್ಲಿ, ರಾಯಚೂರಿನ ಹುಡುಗಿ ಕನ್ನಡದಲ್ಲಿ, ಯಾರೂ ನಗುತ್ತಾರೆಂಬ ಅಂಜಿಕೆಯಿಲ್ಲದೆ ಹತ್ತು ಸಲ ಅದೇ ಪ್ರಶ್ನೆ ಕೇಳಬಹುದು. ಇಂಗ್ಲಿಷ್ ಬಾರದ ಸಂಕೋಚಕ್ಕೆ ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿ ಕುಳಿತವರಿಗೆ ಇದು ಸಣ್ಣ ಅನುಕೂಲವಲ್ಲ. ‘ಉತ್ತರ ಕೊಡು’ ಅನ್ನುವ ಬದಲು ‘ನಾನು ಎಲ್ಲಿ ತಪ್ಪಿದೆ ತೋರಿಸು’ ಎಂದು ಕೇಳುವುದನ್ನು ಯಾರಾದರೂ ಕಲಿಸಬೇಕು, ಅಷ್ಟೇ.

ಕಾಲೇಜುಗಳು ಏನು ಮಾಡಬಹುದು?

ಮೊದಲನೆಯದು, ಡೌಟ್ ಬಗೆಹರಿಸುವ ಗಂಟೆಯನ್ನು ಟೈಮ್‌ಟೇಬಲ್‌ಗೆ ಸೇರಿಸಿ, ಅದಕ್ಕೂ ಸಂಭಾವನೆ ಕೊಡಬೇಕು. ಎರಡನೆಯದು, ಅಸೈನ್‌ಮೆಂಟ್ ಹಾಳೆಗಷ್ಟೇ ಅಂಕ ಕೊಡದೆ ಐದು ನಿಮಿಷ ಬೋರ್ಡ್ ಮುಂದೆ ನಿಲ್ಲಿಸಿ ಒಂದು ಹಂತ ವಿವರಿಸಲು ಹೇಳಬೇಕು. ಮೂರನೆಯದು, ಎಂಎಸ್‌ಸಿ ವಿದ್ಯಾರ್ಥಿಗಳಿಗೆ ಸಣ್ಣ ಗೌರವಧನ ಕೊಟ್ಟು ಬಿಎಸ್‌ಸಿ ಮಕ್ಕಳಿಗೆ ಹೇಳಿಕೊಡಲು ಹಚ್ಚಬಹುದು. ಹೇಳಿಕೊಡುವವರ ಓದಿನ ಖರ್ಚಿಗೂ ಅದು ಆಸರೆ. ವಿಶ್ವೇಶ್ವರಯ್ಯನವರು ಓದಿದ್ದೂ ಹಾಗೆಯೇ.

ಇದ್ಯಾವುದೂ ಆಗದಿದ್ದರೆ ಅಸೈನ್‌ಮೆಂಟ್‌ನಲ್ಲಿ ಎಲ್ಲರಿಗೂ ಹತ್ತಕ್ಕೆ ಹತ್ತು ಬರುತ್ತಲೇ ಇರುತ್ತದೆ. ಸೆಮಿಸ್ಟರ್ ಕೊನೆಯಲ್ಲಿ ಪರೀಕ್ಷಾ ಕೊಠಡಿಯೊಳಗೆ ಫೋನ್ ಬಿಡುವುದಿಲ್ಲ. ಯಾರು ಕಲಿತಿದ್ದಾರೆ, ಯಾರು ಕಲಿತಿಲ್ಲ ಅನ್ನೋದು ಗೊತ್ತಾಗುವುದು ಅಲ್ಲೇ. ಆದರೆ ಅಷ್ಟು ಹೊತ್ತಿಗೆ ಸಹಾಯ ಕೇಳುವ ಸಮಯ ಮುಗಿದಿರುತ್ತದೆ.